ಒಂದೇ ಮಗ್ಗದ ಮನೆ, ಎರಡು ಸ್ವಭಾವ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಮಾತು ಗದಗ-ಬೆಟಗೇರಿಯ ನೇಕಾರರ ಓಣಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಅಲ್ಲಿ ನಾನು ಬಲ್ಲ ಒಂದು ಮನೆಯಲ್ಲಿ, ಹೊಸಬರು ಹೊಸ್ತಿಲು ದಾಟಿದೊಡನೆ ಹಿರಿಯ ಮಗಳು ಮಗ್ಗದ ಮರೆಗೆ ಸರಿಯುತ್ತಾಳೆ. ಕಿರಿಯಳು ಬಂದವರ ಕೈಚೀಲದಲ್ಲಿ ಏನಿದೆಯೆಂದು ಕೇಳಿಯೇ ಬಿಡುತ್ತಾಳೆ. ವ್ಯಕ್ತಿತ್ವದ ಬೆಳವಣಿಗೆಯನ್ನು ಕುರಿತ ಸಿದ್ಧಾಂತ ಯಾವುದೇ ಇರಲಿ, ಈ ಇಬ್ಬರಿಗೂ ಸಲ್ಲುವ ಉತ್ತರವನ್ನು ಕೊಡಬೇಕು.

ಬಾಲ್ಯದ ಮೊದಲ ಐದಾರು ವರ್ಷಗಳಲ್ಲಿಯೇ ಸ್ವಭಾವದ ಅಚ್ಚು ಬೀಳುತ್ತದೆ ಎಂದು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ನಂಬಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗದೆಂಬ ನಮ್ಮ ಗಾದೆಗೂ ಅದಕ್ಕೂ ಹೆಚ್ಚು ದೂರವಿಲ್ಲ. ಅದೇ ಪರಂಪರೆಯ ಎರಿಕ್ ಎರಿಕ್ಸನ್ 1950ರಲ್ಲಿ ಆ ಗಡಿಯನ್ನು ಮುಪ್ಪಿನವರೆಗೆ ಚಾಚಿ, ಎಂಟು ಘಟ್ಟಗಳನ್ನು ಗುರುತಿಸಿದರು. ಓದಲು ಇಬ್ಬರೂ ಹಿತ, ಪರೀಕ್ಷೆಗೆ ಒಡ್ಡುವುದು ಮಾತ್ರ ಕಷ್ಟ.

ತಮ್ಮ ವಿಚಾರವನ್ನು ಪರೀಕ್ಷೆಗೆ ಒಡ್ಡಿದವರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. 1961ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 72 ಮಕ್ಕಳಿದ್ದರು. ಗಾಳಿ ತುಂಬಿದ ಬೊಂಬೆಯನ್ನು ದೊಡ್ಡವರು ಸುತ್ತಿಗೆಯಿಂದ ಬಡಿಯುವುದನ್ನು ಕಂಡ ಮಕ್ಕಳಲ್ಲಿ ಅನೇಕರು, ಯಾರೂ ಹೇಳಿಕೊಡದೆಯೇ, ಅದೇ ಹೊಡೆತಗಳನ್ನೂ ಅವೇ ಮಾತುಗಳನ್ನೂ ಮರುಕಳಿಸಿದರು. ನೋಡಿ ಕಲಿಯುವುದೆಂದರೇನೆಂದು ಮಗ್ಗದ ಮನೆಗೆ ಯಾರೂ ವಿವರಿಸಬೇಕಿಲ್ಲ: ಅಜ್ಜಿಯ ಪಕ್ಕ ಕುಳಿತ ಕಿರಿಯಳು ಮುರಿದ ಕಡ್ಡಿಯೊಂದನ್ನೇ ಲಾಳಿಯಾಗಿಸಿ, ಒಂದು ಕೈಯಿಂದ ಇನ್ನೊಂದಕ್ಕೆ ಎಸೆಯುತ್ತಾಳೆ. ಆದರೆ ಅದೇ ಅಜ್ಜಿಯನ್ನು ನೋಡುತ್ತಲೇ ಬೆಳೆದ ಹಿರಿಯಳು ಮರೆಗೇಕೆ ಸರಿಯುತ್ತಾಳೆ?

ಇಲ್ಲಿ ನನಗೆ ಹೆಚ್ಚು ನೆರವಾಗುವವರು ಮನೋವೈದ್ಯರಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್. 1956ರಿಂದ ನ್ಯೂಯಾರ್ಕ್‌ನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಎಳೆತನದಿಂದಲೇ ಗಮನಿಸುತ್ತ ಬಂದ ಅವರಿಗೆ, ಹೊಸತಕ್ಕೆ ಬೇಗ ಒಗ್ಗುವ, ಕಿರಿಕಿರಿ ಮಾಡುವ, ನಿಧಾನವಾಗಿ ಹೊಂದಿಕೊಳ್ಳುವ ಕೂಸುಗಳು ಮೊದಲ ತಿಂಗಳುಗಳಲ್ಲಿಯೇ ಕಂಡವು. ಅವಳಿಗಳ ಅಧ್ಯಯನಗಳು ಹೇಳುವುದೂ ಇದಕ್ಕೆ ಹೊಂದುತ್ತದೆ: ಜನರ ನಡುವಣ ಸ್ವಭಾವಭೇದದ ಸುಮಾರು ಶೇಕಡಾ 40ರಿಂದ 50ರಷ್ಟು ಅನುವಂಶೀಯತೆಗೆ ಸಲ್ಲುತ್ತದೆ (ಒಬ್ಬೊಬ್ಬರ ಸ್ವಭಾವದ ಅರ್ಧಭಾಗವೆಂದು ಇದರರ್ಥವಲ್ಲ). ಉಳಿದುದರಲ್ಲಿ ಒಡಹುಟ್ಟಿದವರು ಹಂಚಿಕೊಂಡ ಮನೆಯ ಪಾಲು ಅಚ್ಚರಿಯೆನಿಸುವಷ್ಟು ಕಡಿಮೆ.

ಆದರೂ ಹುಟ್ಟುಗುಣವೇ ತೀರ್ಪಲ್ಲ. ಮಗುವಿನ ಸ್ವಭಾವಕ್ಕೂ ಮನೆಯವರ ನಿರೀಕ್ಷೆಗೂ ಹೊಂದಿಕೆಯಾಗುತ್ತದೆಯೇ ಎಂಬುದೇ ಮುಂದಿನ ದಾರಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂದು ಥಾಮಸ್ ಮತ್ತು ಚೆಸ್ ವಾದಿಸಿದರು. ಬೆಟಗೇರಿಯ ಆ ತಾಯಿ ಈಗ ಹಿರಿಯಳನ್ನು ‘ಮುಂದ ಬಾ, ಮಾತಾಡು’ ಎಂದು ಎಳೆಯುವುದಿಲ್ಲ. ನೀರು ತರಲು ಹೇಳಿ ಸುಮ್ಮನಾಗುತ್ತಾಳೆ. ಹೋದ ಸಲ ನಾನು ಹೋದಾಗ, ಅರ್ಧ ಗಂಟೆಯ ನಂತರ ಹುಡುಗಿ ತಾನಾಗಿಯೇ ಬಂದು, ಸೀರೆಯೊಂದನ್ನು ಬಿಚ್ಚಿ ಹಾಸಿ, ದಡಿಯ ಗೆರೆಗಳನ್ನು ಬೆರಳಿನಿಂದ ಎಣಿಸಿ ತೋರಿಸತೊಡಗಿದಳು.