ವೋಲ್ಟೇಜ್ ಅಷ್ಟೇ ಇದ್ದರೂ ಮೊಳೆಯ ತುದಿಯಲ್ಲೇ ಕಿಡಿ ಏಕೆ?

ಹೈವೋಲ್ಟೇಜ್ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಬಿಂದು ಆವೇಶದ, ಅಂದರೆ ಒಂದೇ ಬಿಂದುವಿನಲ್ಲಿ ಕೂಡಿದೆ ಎಂದುಕೊಂಡ ವಿದ್ಯುದಾವೇಶದ, ಎರಡು ಸೂತ್ರಗಳೂ ಬಾಯಿಪಾಠ. ಆವೇಶವನ್ನು ಕೂಲಂ ಸ್ಥಿರಾಂಕದಿಂದ, ಅಂದರೆ ಸುಮಾರು 9×10⁹ರಿಂದ ಗುಣಿಸಿ ದೂರದಿಂದ ಭಾಗಿಸಿದರೆ ವಿಭವ, ಅಂದರೆ ವೋಲ್ಟಿನಲ್ಲಿ ಅಳೆಯುವ ವೋಲ್ಟೇಜ್. ದೂರದ ವರ್ಗದಿಂದ ಭಾಗಿಸಿದರೆ ವಿದ್ಯುತ್ ಕ್ಷೇತ್ರ. ಇಷ್ಟು ಗೊತ್ತಿದ್ದೂ ಹಲವರು ವೋಲ್ಟೇಜ್ ಹೆಚ್ಚಿದ್ದಲ್ಲೇ ಕ್ಷೇತ್ರವೂ ಹೆಚ್ಚು ಎಂದುಕೊಂಡಿರುತ್ತಾರೆ.

1 ನ್ಯಾನೋಕೂಲಂ ಆವೇಶವನ್ನೇ ನೋಡಿ. 1 ಮೀಟರ್ ದೂರದಲ್ಲಿ ವಿಭವ 9 ವೋಲ್ಟ್, ಕ್ಷೇತ್ರ ಮೀಟರಿಗೆ 9 ವೋಲ್ಟ್. 3 ಮೀಟರಿಗೆ ಸರಿದರೆ ವಿಭವ 3ಕ್ಕೆ ಇಳಿಯುತ್ತದೆ, ಕ್ಷೇತ್ರ 1ಕ್ಕೆ. 10 ಸೆಂಟಿಮೀಟರ್ ಹತ್ತಿರ ಬಂದರೆ ವಿಭವ 90 ಆದಾಗ ಕ್ಷೇತ್ರ 900. ದೂರದೊಂದಿಗೆ ವಿಭವ ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಕ್ಷೇತ್ರ. ವಿಭವ ಇಳಿಯುವ ಕಡೆಗೇ ಅದರ ದಿಕ್ಕು. ವಿಭವಕ್ಕೆ ದಿಕ್ಕಿಲ್ಲ. ಅನಂತ ದೂರದಲ್ಲಿ ಅದು ಸೊನ್ನೆ ಎಂಬುದು ನಾವೇ ಮಾಡಿಕೊಂಡ ಏರ್ಪಾಟು; ಅದನ್ನು ಬದಲಿಸಿದರೂ ಕ್ಷೇತ್ರಕ್ಕೆ ಏನೂ ಆಗದು.

ಸಮನಾದ ಎರಡು ಧನ ಆವೇಶಗಳ ನಟ್ಟನಡುವೆ ಕ್ಷೇತ್ರ ಸೊನ್ನೆ, ವಿಭವ ಮಾತ್ರ ಒಂದರದ್ದಕ್ಕಿಂತ ಎರಡು ಪಟ್ಟು. ಒಂದನ್ನು ಋಣ ಆವೇಶ ಮಾಡಿದರೆ ಎಲ್ಲ ತಿರುಗುಮುರುಗು: ವಿಭವ ಸೊನ್ನೆ, ಕ್ಷೇತ್ರ ದುಪ್ಪಟ್ಟು. ಆವೇಶಗಳು ಹಲವಾರಿದ್ದಾಗ ನಾನು ಮೊದಲು ವಿಭವಗಳನ್ನೇ ಕೂಡುತ್ತೇನೆ. ಅವು ಬರೀ ಸಂಖ್ಯೆಗಳು, ಬಾಣಗಳ ರಗಳೆ ಇಲ್ಲ. ಕ್ಷೇತ್ರವನ್ನು ಆಮೇಲೆ ಅದರಿಂದಲೇ ತೆಗೆಯಬಹುದು.

ಸೂತ್ರಗಳ ನಿಜವಾದ ಉಪಯೋಗ ಇರುವುದು ಗೋಳಗಳಲ್ಲಿ. ಒಂಟಿಯಾಗಿ ನಿಂತ, ಆವೇಶ ತುಂಬಿದ ಲೋಹದ ಗೋಳ ಹೊರಗಿನವರ ಪಾಲಿಗೆ ತನ್ನ ಕೇಂದ್ರದಲ್ಲಿ ಕುಳಿತ ಬಿಂದು ಆವೇಶವೇ. ಎರಡು ಸೂತ್ರಗಳನ್ನು ಒಂದರಿಂದ ಒಂದು ಭಾಗಿಸಿದರೆ ಉಳಿಯುವುದು ದೂರ ಮಾತ್ರ. ಹಾಗಾಗಿ ಗೋಳದ ಮೈಮೇಲಿನ ಕ್ಷೇತ್ರ ಬೇಕೆಂದರೆ ವೋಲ್ಟೇಜನ್ನು ತ್ರಿಜ್ಯದಿಂದ ಭಾಗಿಸಿದರಾಯಿತು. ಆವೇಶ ಎಷ್ಟಿದೆ ಎಂದು ಅಳೆಯಲೂ ಬೇಕಿಲ್ಲ.

ಸಾಧಾರಣ ಒತ್ತಡದ ಒಣ ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಕ್ಷೇತ್ರದವರೆಗೆ ತಡೆಯುತ್ತದೆ. 1 ಮೀಟರ್ ತ್ರಿಜ್ಯದ ಗೋಳವನ್ನು ಹೆಚ್ಚೂಕಡಿಮೆ 30 ಲಕ್ಷ ವೋಲ್ಟಿಗೆ ಏರಿಸಬಹುದು. 1 ಸೆಂಟಿಮೀಟರಿನದಾದರೆ 30,000ಕ್ಕೇ ಗಾಳಿ ಸೋಲುತ್ತದೆ. (ತೀರಾ ಸಣ್ಣ ತ್ರಿಜ್ಯಗಳಲ್ಲಿ ಗಾಳಿ ಈ ಲೆಕ್ಕಕ್ಕಿಂತ ಹೆಚ್ಚೇ ತಾಳಿಕೊಳ್ಳುತ್ತದೆ, ಅದು ಬೇರೆ ಮಾತು.) ಭಾರಿ ವೋಲ್ಟೇಜ್ ಹುಟ್ಟಿಸುವ ವಾನ್ ಡಿ ಗ್ರಾಫ್ ಯಂತ್ರದ ತಲೆ ಅಷ್ಟು ದಪ್ಪ ಇರುವುದು, ಹೈವೋಲ್ಟೇಜ್ ತಂತಿಗಳ ಇನ್ಸುಲೇಟರಿನ ತುದಿಗೆ ಲೋಹದ ಬಳೆ ತೊಡಿಸುವುದು ಇದಕ್ಕಾಗಿಯೇ.

ಒಂದು ದೊಡ್ಡ ಗೋಳಕ್ಕೆ ಅದರ ಹತ್ತನೇ ಒಂದರಷ್ಟು ತ್ರಿಜ್ಯದ ಸಣ್ಣ ಗೋಳವನ್ನು ದೂರದಲ್ಲಿಟ್ಟು ತಂತಿಯಿಂದ ಜೋಡಿಸಿ. ವಿಭವ ಎರಡಕ್ಕೂ ಒಂದೇ. ಸಣ್ಣದರ ಪಾಲಿಗೆ ಬರುವ ಆವೇಶ ದೊಡ್ಡದರ ಹತ್ತನೇ ಒಂದು ಭಾಗ, ಕ್ಷೇತ್ರ ಮಾತ್ರ ಹತ್ತು ಪಟ್ಟು. ದೊಡ್ಡ ಎಲೆಕ್ಟ್ರೋಡಿನ (ವೋಲ್ಟೇಜ್ ಕೊಟ್ಟ ಲೋಹದ ಭಾಗದ) ಮೇಲೆ ಉಳಿದುಹೋದ ಲೋಹದ ಚಿಕ್ಕ ಮುಳ್ಳು, ಎದ್ದು ನಿಂತ ಮೊಳೆಯ ತುದಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಪರೀಕ್ಷೆಯಲ್ಲಿ ಚಟಪಟ ಸದ್ದು ಶುರುವಾದರೆ ನಾನು ಟ್ರಾನ್ಸ್‌ಫಾರ್ಮರನ್ನು ಬೈಯುವುದಿಲ್ಲ. ಸಪ್ಲೈ ಬಂದ್ ಮಾಡಿಸಿ, ಅರ್ಥಿಂಗ್ ಕೊಟ್ಟ ಮೇಲೆ, ಎಲೆಕ್ಟ್ರೋಡಿನ ಅಂಚುಗಳನ್ನೆಲ್ಲ ಬೆರಳಿಂದ ಸವರಿ ನೋಡಲು ಹೇಳುತ್ತೇನೆ.