ಕುಪ್ಪಳಿಯ ಕವಿಮನೆಗೆ ಒಂದು ಗಂಟೆ ಸಾಕೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯಿಂದ ಶೃಂಗೇರಿಗೆ ಹೊರಟಿದ್ದೇವೆ. ದಾರಿಯಲ್ಲಿ ಕುವೆಂಪು ಅವರ ಮನೆ ನೋಡಿಕೊಂಡು ಹೋಗಲು ಒಂದು ಗಂಟೆ ಸಾಕೇ?

ಉತ್ತರ: ಮನೆಯೊಂದೇ ಆದರೆ ಸಾಕು. ಆದರೆ ಮನೆ ನೋಡಿ ಹಾಗೇ ಗಾಡಿ ಹತ್ತಬೇಡಿ. ಆ ಮನೆಗೂ ಮಗ್ಗುಲಿನ ಗುಡ್ಡಕ್ಕೂ ಬಿಡಿಸಲಾಗದ ನಂಟು. ಅರ್ಧ ದಿನವಾದರೂ ಕುಪ್ಪಳಿಗೆ ಎತ್ತಿಡಿ.

ಕುವೆಂಪು ಹುಟ್ಟಿದ್ದು ಇಲ್ಲಲ್ಲ. 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಮಾತ್ರ ಕುಪ್ಪಳಿಯ ಈ ಮೂರಂತಸ್ತಿನ ತೊಟ್ಟಿಮನೆಯಲ್ಲಿ. ಈಗ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿದೆ.

ಒಳಗೆ ಹೋದವರು ಸಾಮಾನ್ಯವಾಗಿ ಪ್ರಶಸ್ತಿ, ಫೋಟೊಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಾನಾದರೆ ಅಂಗಳದಲ್ಲೇ ನಿಲ್ಲುತ್ತೇನೆ. ನಡುವೆ ಬಾನಿಗೆ ತೆರೆದ ಅಂಗಳ, ಸುತ್ತಲೂ ಜಗಲಿ, ಅದರ ಮೇಲೆ ಇಳಿಜಾರಾದ ಹೆಂಚಿನ ಮಾಡು. ತಿಂಗಳುಗಟ್ಟಲೆ ಜಡಿಮಳೆ ಹಿಡಿಯುವ ಮಲೆನಾಡಿನಲ್ಲಿ ಹೊರಗೆ ಕಾಲಿಡಲಾಗದಿದ್ದರೂ ಮನೆಯೊಳಗೆ ಗಾಳಿ ಬೆಳಕಿಗೆ ಕೊರತೆಯಾಗದಂತೆ ಹಿರಿಯರು ಕಂಡುಕೊಂಡ ಉಪಾಯವಿದು. ಅಡುಗೆಮನೆ, ಬಾಣಂತಿ ಕೋಣೆ, ಬಚ್ಚಲುಮನೆಯನ್ನೂ ಬಿಡದೆ ನೋಡಿ. ತುಂಬು ಕುಟುಂಬವೊಂದು ಹೇಗೆ ಬದುಕುತ್ತಿತ್ತು ಎಂಬುದನ್ನು ಹೇಳುವುದು ಈ ಕೋಣೆಗಳೇ. ಕಂಬಗಳ ಮರಗೆಲಸವನ್ನು ಹತ್ತಿರ ಹೋಗಿ ನೋಡಬೇಕು.

ಆಮೇಲೆ ಆ ಮಗ್ಗುಲಿನ ಗುಡ್ಡ, ಕವಿಶೈಲ. ಮೇಲಿನವರೆಗೆ ವಾಹನ ಹೋಗುತ್ತದೆ, ಆದರೂ ಕಾಲಿಗೆ ಶಕ್ತಿಯಿದ್ದರೆ ನಡೆದೇ ಹತ್ತಿ. ನೆತ್ತಿಯಲ್ಲಿ ಭಾರೀ ಕಲ್ಲುಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದ್ದಾರೆ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿ ಅಲ್ಲೇ ಇದೆ. ಅವರು ಕೂತು ಮಾತಾಡುತ್ತಿದ್ದ ಬಂಡೆಯನ್ನು ತಪ್ಪಿಸಿಕೊಳ್ಳಬೇಡಿ: ಗುರುಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಶಿಷ್ಯ ಕುವೆಂಪು, ಈ ಮೂವರ ಹೆಸರುಗಳನ್ನು ಒಂದೇ ಕಲ್ಲಿನಲ್ಲಿ ಕೆತ್ತಲಾಗಿದೆ. ಹೊಸಗನ್ನಡ ಸಾಹಿತ್ಯದ ಬಗ್ಗೆ ಒಲವಿದ್ದವರಿಗೆ ಇಡೀ ಕುಪ್ಪಳಿಯಲ್ಲಿ ಇದಕ್ಕಿಂತ ದೊಡ್ಡ ನೋಟ ಮತ್ತೊಂದಿಲ್ಲ. ಆ ಕೆತ್ತನೆ ನೋಡಿ ತಾವೂ ಹೆಸರು ಕೊರೆಯಲು ಹೊರಡುವವರಿದ್ದಾರೆ. ಮಕ್ಕಳು ಜೊತೆಗಿದ್ದರೆ ದಯವಿಟ್ಟು ಮೊದಲೇ ತಿಳಿಹೇಳಿ. ಕುವೆಂಪು ಅವರ ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ.

ಮಳೆಗಾಲದಲ್ಲಿ ಹೋದರೆ ಉಂಬಳಗಳು (ಜಿಗಣೆಗಳು) ಕಾಲಿಗೆ ಹತ್ತುತ್ತವೆ, ಕಲ್ಲು ಜಾರುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳು ಮನೆಮಂದಿಗೆಲ್ಲ ಅನುಕೂಲ. ಸೂರ್ಯಾಸ್ತಕ್ಕೆ ಗುಡ್ಡದ ಮೇಲಿರಬೇಕೆಂದರೆ ಮಧ್ಯಾಹ್ನವೇ ಕುಪ್ಪಳಿ ತಲುಪಿ, ಮನೆಯನ್ನು ಮೊದಲು ನೋಡಿ ಮುಗಿಸಿ. ಶೃಂಗೇರಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ.