ಸ್ಟಾರ್ಮ್ ವಿಜಯಪುರಕ್ಕೆ ಮಳೆ ತರಿಸಿದರೆ ಬೇರೆಡೆ ಬರ ಬೀಳುವುದೇ?

ಪ್ರಶ್ನೆ: ಹವಾಮಾನವನ್ನೇ ಹಿಡಿತದಲ್ಲಿಟ್ಟುಕೊಂಡ ಮಾರ್ವೆಲ್ ಕಾಮಿಕ್ಸ್‌ನ ನಾಯಕಿ ಸ್ಟಾರ್ಮ್ ನಮ್ಮ ವಿಜಯಪುರ ಜಿಲ್ಲೆಗೆ ಬಂದು ಮಳೆ ಸುರಿಸಿದರೆ, ಆ ನೀರು ಇನ್ನಾರದೋ ಪಾಲಿನದಾಗಿರುತ್ತದೆಯೇ?

ಉತ್ತರ: ಕತೆಯ ಒಳಗಿನ ನಿಯಮವನ್ನೇ ಹಿಡಿದು ಹೇಳುವುದಾದರೆ, ಹಾಗಾಗುವ ಸಾಧ್ಯತೆ ಇದೆ. ಲೆನ್ ವೀನ್ ಮತ್ತು ಡೇವ್ ಕಾಕ್ರಮ್ 1975ರಲ್ಲಿ ರೂಪಿಸಿದ ಈ ನಾಯಕಿ, ಒರೊರೊ ಮನ್ರೋ, ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಳ್ಳುವುದೇ ಕೀನ್ಯಾದ ಜನ ಮಳೆಗಾಗಿ ಮೊರೆಹೋಗುವ ದೇವತೆಯಾಗಿ. ರೊಟ್ಟಿ ಹೆಂಚಿನ ಮೇಲೆ ಗುರ್ಜಿಯನ್ನು, ಅಂದರೆ ಮಳೆದೇವರ ಗೊಂಬೆಯನ್ನು, ಇಟ್ಟು ತಲೆಯ ಮೇಲೆ ಹೊತ್ತು ಮನೆ ಮನೆಗೆ ಬರುವ ಹುಡುಗನ ತಲೆಗೆ ನೀರು ಸುರಿದು ಮಳೆ ಬೇಡುವ ನಮ್ಮ ಕಡೆಯವರಿಗೆ ಆ ದೃಶ್ಯ ಪರಕೀಯವೆನಿಸದು. ಆಕೆಯ ವಂಶದಲ್ಲಿ ಮಾಂತ್ರಿಕ ಶಕ್ತಿಯುಳ್ಳ ಬಿಳಿಗೂದಲಿನ ಸ್ತ್ರೀಯರಿದ್ದರೆಂದು ಮುಂದಿನ ಕತೆಗಳು ಹೇಳುತ್ತವೆಯಾದರೂ, ಗಾಳಿ, ತೇವಾಂಶ, ಉಷ್ಣತೆ ಮತ್ತು ಒತ್ತಡಗಳನ್ನು ಮನಸ್ಸಿನಿಂದಲೇ ಬದಲಿಸುವ ಶಕ್ತಿ ಆಕೆಗೆ ಮ್ಯೂಟೆಂಟ್ ಆಗಿ, ಅಂದರೆ ವಂಶವಾಹಿಯ ಮಾರ್ಪಾಡಿನಿಂದ, ಹುಟ್ಟಿನಿಂದ ಬಂದದ್ದು. ಎಳೆವಯಸ್ಸಿನಲ್ಲಿ ಒಮ್ಮೆ ಬರ ನೀಗಿಸಲು ಹೋಗಿ ಶಕ್ತಿ ಮೀರಿ ದುಡಿದಾಗ, ಆಶ್ರಯ ಕೊಟ್ಟಿದ್ದ ಐನೆಟ್ ಎಂಬಾಕೆ ನಿಸರ್ಗದ ಸಮತೋಲವನ್ನು ಗೌರವಿಸಬೇಕೆಂದು ತಿಳಿಹೇಳುತ್ತಾಳೆ. ಈ ಪಾತ್ರಕ್ಕೆ ತೂಕ ಬರುವುದು ಅಲ್ಲಿಂದ ಎಂದೇ ನನ್ನ ಅಭಿಪ್ರಾಯ.

ಇನ್ನು ಲೆಕ್ಕಕ್ಕೆ ಬರೋಣ. ವಿಜಯಪುರ ಜಿಲ್ಲೆಯ ವಿಸ್ತೀರ್ಣ 10,000 ಚದರ ಕಿಲೋಮೀಟರಿಗೂ ಹೆಚ್ಚು. ಅಷ್ಟು ನೆಲದ ಮೇಲೆ 25 ಮಿಲಿಮೀಟರಿನ ಒಂದೇ ಒಂದು ಹದಮಳೆ ಬಿದ್ದರೂ ಆ ನೀರು ಸುಮಾರು 9 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಆಗುತ್ತದೆ. ಆಲಮಟ್ಟಿ ಜಲಾಶಯದ ಒಟ್ಟು ಸಾಮರ್ಥ್ಯವೇ ಸುಮಾರು 123 ಟಿಎಂಸಿ. ಇಷ್ಟು ನೀರನ್ನು ಚಳಿಗಾಲದ ಒಣ ಆಕಾಶದಲ್ಲಿ ಒಟ್ಟುಗೂಡಿಸಬೇಕಾದರೆ ದೂರದ ಗಾಳಿಯ ತೇವವನ್ನು ಎಳೆದು ತರಲೇಬೇಕು, ಆಗ ಇನ್ನೊಬ್ಬರ ಪಾಲಿಗೆ ಕೈ ಹಾಕಿದಂತಾಗುತ್ತದೆ. ಮುಂಗಾರಿನಲ್ಲಿ ಸ್ಥಿತಿ ಬೇರೆ. ಅರಬ್ಬೀ ಸಮುದ್ರದ ಗಾಳಿ ಪಶ್ಚಿಮ ಘಟ್ಟವನ್ನೇರುವಾಗ ತಣಿದು ಬಹುಪಾಲು ಮಳೆಯನ್ನು ಅಲ್ಲೇ ಸುರಿಸಿ, ಇತ್ತ ಇಳಿಯುವಾಗ ಬೆಚ್ಚಗಾಗುವುದರಿಂದ, ಮೋಡಗಳು ತಲೆಯ ಮೇಲೆ ಹಾದುಹೋದರೂ ನಮ್ಮದು ಮಳೆನೆರಳಿನ ಸೀಮೆಯಾಗಿ ಉಳಿದಿದೆ. ಗಾಳಿಯಲ್ಲಿ ಆಗ ತೇವವಿರುತ್ತದೆ, ಕೊರತೆಯಿರುವುದು ಅದನ್ನು ಮೇಲೆತ್ತಿ ತಣಿಸುವ ಬಲದ್ದು. ಆ ಬಲವನ್ನಷ್ಟೇ ಸ್ಟಾರ್ಮ್ ಒದಗಿಸಿದರೆ ಬೇರೆಯವರಿಗೆ ಆಗುವ ನಷ್ಟ ಬಹಳ ಕಡಿಮೆ. 2017ರಲ್ಲಿ ರಾಜ್ಯ ಸರ್ಕಾರ ಕೈಗೊಂಡ ‘ವರ್ಷಧಾರೆ’ ಮೋಡ ಬಿತ್ತನೆಗೂ ಮೊದಲು ಮೋಡವಿರಲೇಬೇಕಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಪ್ರಶ್ನೆ ಕೇಳಿದವರು ದೂರದ ಊರುಗಳ ಪಾಲಿನ ಬಗ್ಗೆ ಚಿಂತಿಸಿದ್ದಾರೆ, ಆದರೆ ತಕರಾರು ಜಿಲ್ಲೆಯೊಳಗೇ ಎದ್ದೀತು. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವವರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹದಮಳೆ ಬೇಡುತ್ತಾರೆ. ಫೆಬ್ರುವರಿಯಿಂದಾಚೆಗೆ ತಿಕೋಟಾ ಭಾಗದ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಹರಡಿ ಒಣಗಿಸುವಾಗಲಾದರೋ, ಒಂದು ಅಕಾಲ ಮಳೆ ಬಂದರೂ ಒಣದ್ರಾಕ್ಷಿಯ ಬಣ್ಣ ಕಪ್ಪಾಗಿ ದರ ಇಳಿದುಬಿಡುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಪಕ್ಕದ ಊರಿನವರು ಅದೇ ವಾರ ಮಳೆ ಬೇಡಿದರೆ, ಯಾರ ಮಾತು ಕೇಳಬೇಕೆಂಬುದನ್ನು ಸ್ಟಾರ್ಮ್ ಮೋಡ ಕೂಡಿಸುವ ಮೊದಲೇ ತೀರ್ಮಾನಿಸಬೇಕಾಗುತ್ತದೆ.